ಪೆಟ್ಟು ಮೂಗಿಗೆ, ನೀರು ಕಣ್ಣಲ್ಲಿ

ಕೇಳುಗರೇ, ನಮಸ್ಕಾರ. ಬೈಕಿನಿಂದ ಬಿದ್ದು ಮೂಗಿನ ಬುಡಕ್ಕೆ ಪೆಟ್ಟಾಗಿರುತ್ತದೆ. ಮೂಳೆ ಕೂಡುತ್ತದೆ, ಗಾಯ ಮಾಯುತ್ತದೆ. ಆದರೆ ಒಂದು ಕಣ್ಣಲ್ಲಿ ಮಾತ್ರ ನೀರು ನಿಲ್ಲುವುದೇ ಇಲ್ಲ. ಮೊದಮೊದಲು ಊತದಿಂದಲೂ ಹೀಗಾಗುತ್ತದೆ, ಊತ ಇಳಿದ ಮೇಲೆ ನಿಲ್ಲಬಹುದು. ತಿಂಗಳುಗಟ್ಟಲೆ ನಿಲ್ಲದಿದ್ದರೂ "ಗಾಳಿಗೆ ಬರುತ್ತೆ ಬಿಡಿ" ಅಂತ ಕರ್ಚೀಫು ಹಿಡಿದು ಓಡಾಡುವವರು ಎಷ್ಟೋ ಜನ. ಇದಕ್ಕೆ ಚಿಕಿತ್ಸೆ ಇದೆ.

ಅತ್ತಾಗ ಮೂಗೂ ಸೋರುತ್ತದೆ, ಅಲ್ವಾ? ಕಣ್ಣಿಂದ ಮೂಗಿಗೆ ದಾರಿ ಇದೆ, ಅದಕ್ಕೇ. ಕನ್ನಡಿ ಮುಂದೆ ನಿಂತು, ಕೆಳರೆಪ್ಪೆಯನ್ನು ಮೂಗಿನ ಕಡೆಯ ಮೂಲೆಯಲ್ಲಿ ತುಸು ಹೊರಳಿಸಿ ನೋಡಿ. ಸೂಜಿಮೊನೆಯಷ್ಟು ಒಂದು ತೂತು ಕಾಣುತ್ತದೆ. ಕಣ್ಣೀರು ಅಲ್ಲಿಂದ ಸಣ್ಣ ನಾಳ ಹಿಡಿದು, ಮೂಗಿನ ಪಕ್ಕದ ಕಣ್ಣೀರಿನ ಚೀಲಕ್ಕೆ ಬಂದು, ಮೂಳೆಯೊಳಗಿನ ಕೊಳವೆಯಲ್ಲಿ ಮೂಗಿಗೆ ಇಳಿಯುತ್ತದೆ. ಆ ಮೂಳೆ ಮುರಿದು ಒತ್ತಿಕೊಂಡರೆ ಕೊಳವೆ ಮುಚ್ಚುತ್ತದೆ. ನೀರು ಚೀಲದಲ್ಲೇ ನಿಂತು ಕೀವಾಗುತ್ತದೆ. ಅದನ್ನು ಹಾಗೇ ಬಿಟ್ಟು ಪೊರೆ ಆಪರೇಷನ್ ಮಾಡಿಸಿಕೊಂಡರೆ ಸೋಂಕು ಕಣ್ಣೊಳಗೆ ಹೋಗಿ ದೃಷ್ಟಿಗೇ ಕುತ್ತು ಬರಬಹುದು.

ಡಾಕ್ಟರು ಆ ತೂತಿನಲ್ಲಿ ಉಪ್ಪುನೀರು ಬಿಡುತ್ತಾರೆ. ಅದು ಗಂಟಲಿಗೆ ಇಳಿದರೆ ದಾರಿ ತೆರೆದಿದೆ, ವಾಪಸ್ ಬಂದರೆ ಕಟ್ಟಿದೆ. ಮೂಳೆ ಎಲ್ಲಿ ಸರಿದಿದೆ, ಹಿಂದೆ ಹಾಕಿದ ಪ್ಲೇಟು, ಸ್ಕ್ರೂ ಎಲ್ಲಿವೆ ಅಂತ ತಿಳಿಯಲು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ದಾರಿ ಕಟ್ಟಿದ್ದರೆ ಮಾಡುವ ಆಪರೇಷನ್ನಿನ ಹೆಸರು ಡಿಸಿಆರ್, ಅಂದರೆ ಕಣ್ಣೀರಿನ ಚೀಲದಿಂದ ಮೂಗಿಗೆ ಹೊಸ ದಾರಿ ಮಾಡುವುದು. ಇಟಲಿಯ ಟೋಟಿ ಎಂಬ ವೈದ್ಯರು 1904ರಲ್ಲೇ ಇದನ್ನು ವಿವರಿಸಿದ್ದರು. ಮುಚ್ಚಿದ ಕೊಳವೆಯ ತಂಟೆಗೇ ಹೋಗುವುದಿಲ್ಲ. ಪಕ್ಕದ ಮೂಳೆ ಸ್ವಲ್ಪ ತೆಗೆದು, ಚೀಲವನ್ನು ನೇರ ಮೂಗಿಗೆ ಕೂಡಿಸುತ್ತಾರೆ. ಮೂಗಿನ ಪಕ್ಕ ಸಣ್ಣದಾಗಿ ಕೊಯ್ದು ಮಾಡಬಹುದು, ಇಲ್ಲವೇ ಮೂಗಿನೊಳಗಿಂದ ಎಂಡೋಸ್ಕೋಪ್ ಹಾಕಿಯೂ ಮಾಡಬಹುದು. ಪೆಟ್ಟು ತಿಂದ ಜಾಗದಲ್ಲಿ ಮೂಳೆ ಅಡ್ಡಾದಿಡ್ಡಿ ಕೂಡಿರುತ್ತದೆ, ಚೀಲ ಜಾಗ ಬಿಟ್ಟಿರಬಹುದು. ಹಾಗಾಗಿ ಇಲ್ಲಿ ಅನುಭವಸ್ಥ ಕೈ ಬೇಕು. ಹೊಸ ದಾರಿ ಮತ್ತೆ ಮುಚ್ಚದಂತೆ ತೆಳ್ಳನೆಯ ಸಿಲಿಕೋನ್ ಟ್ಯೂಬನ್ನು ಕೆಲವು ವಾರ ಇಡುವುದೂ ಉಂಟು. ಆಪರೇಷನ್ ಆದ ಹೊಸದರಲ್ಲಿ ಜೋರಾಗಿ ಮೂಗು ಸೀಟಬೇಡಿ, ರಕ್ತ ಬರುತ್ತದೆ.

ಪೆಟ್ಟಾದ ದಿನವೇ ನೋಡಬೇಕಾದದ್ದೂ ಒಂದಿದೆ. ಮೂಗಿನ ಕಡೆಯ ಮೂಲೆಯಲ್ಲಿ ರೆಪ್ಪೆ ಹರಿದಿದ್ದರೆ ಒಳಗಿನ ಸಣ್ಣ ನಾಳ ತುಂಡಾಗಿರಬಹುದು. ಮೇಲಿಂದ ಚರ್ಮ ಹೊಲಿದರೆ ಸಾಲದು. ಒಂದೆರಡು ದಿನದೊಳಗೆ ಸಿಲಿಕೋನ್ ಎಳೆ ತೂರಿಸಿ ನಾಳ ಕೂಡಿಸಬೇಕು. ತಡವಾದರೆ ತುಂಡಾದ ತುದಿಗಳನ್ನು ಹುಡುಕುವುದೇ ಕಷ್ಟ. ಎಮರ್ಜೆನ್ಸಿಯಲ್ಲಿ ಹೊಲಿಗೆ ಹಾಕುವ ಮುಂಚೆಯೇ ಸಂಕೋಚಪಡದೆ ಕೇಳಿ: "ಕಣ್ಣೀರಿನ ನಾಳ ಹರಿದಿದೆಯಾ, ಕಣ್ಣಿನ ಡಾಕ್ಟರಿಗೆ ತೋರಿಸಬೇಕಾ?"

ನಮಸ್ಕಾರ.