ದಂಡು, ಪೇಟೆ ಮತ್ತು ನಡುವಿನ ಉದ್ಯಾನ

ಚಿಕ್ಕಮಗಳೂರಿನ ಸಹೃದಯರೇ,

ಕಬ್ಬನ್ ಪಾರ್ಕನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಅದರ ನೆರಳನ್ನೂ ತಂಪನ್ನೂ ಹೊಗಳಿ ಮುಗಿಸುತ್ತಾರೆ. ನಾನು ಅದನ್ನು ಒಂದು ಗಡಿಯಾಗಿ ನೋಡಬಯಸುತ್ತೇನೆ. 1809ರಲ್ಲಿ ಬ್ರಿಟಿಷರ ದಂಡು ನೆಲೆಯೂರಿದ ಮೇಲೆ ಬೆಂಗಳೂರು ಎರಡು ಊರಾಯಿತು: ಪಶ್ಚಿಮಕ್ಕೆ ನೇಕಾರರ, ವರ್ತಕರ ಹಳೆಯ ಪೇಟೆ, ಪೂರ್ವಕ್ಕೆ ದಂಡು. ಇವೆರಡರ ನಡುವಿನ ಜಾಗದಲ್ಲಿ 1870ರಲ್ಲಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಉದ್ಯಾನವನ್ನು ರೂಪಿಸಿದರು. ಹಂಗಾಮಿ ಕಮಿಷನರ್ ಜಾನ್ ಮೀಡ್ ಅವರಿಂದಾಗಿ ಅದಕ್ಕೆ ಮೊದಲು ಮೀಡ್ಸ್ ಪಾರ್ಕ್ ಎಂಬ ಹೆಸರಿತ್ತು. 1834ರಿಂದ 1861ರವರೆಗೆ ಮೈಸೂರು ಸೀಮೆಯ ಆಡಳಿತ ನಡೆಸಿದ ಮಾರ್ಕ್ ಕಬ್ಬನ್ ತಮ್ಮ ಹೆಸರಿನ ಉದ್ಯಾನವನ್ನು ಕಣ್ಣಾರೆ ಕಂಡವರೇ ಅಲ್ಲ. ಆದರೆ ನಮ್ಮ ಮಲೆನಾಡಿನ ಕಾಫಿ ತೋಟಗಳು ಹಬ್ಬಿದ್ದು ಬಹುಮಟ್ಟಿಗೆ ಅವರ ಕಾಲದಿಂದಲೇ ಆದ್ದರಿಂದ ಆ ಹೆಸರು ಇಲ್ಲಿಗೂ ಹೊರಗಿನದಲ್ಲ.

ಮರಗಳೂ ಹೊರಗಿನವಲ್ಲ. ನಾವು ತೋಟದಲ್ಲಿ ನೆರಳಿಗೆಂದು ಬೆಳೆಸಿ, ಮೆಣಸಿನ ಬಳ್ಳಿ ಹಬ್ಬಿಸಿ, ಬಲಿತ ಮೇಲೆ ನಾಟಾ ಲೆಕ್ಕದಲ್ಲಿ ಮಾರುವ ಸಿಲ್ವರ್ ಮರ ಅಲ್ಲಿಯೂ ಇದೆ. ಕೊಡಲಿಯ ಭಯವಿಲ್ಲದೆ ಮುದಿಯಾಗುವ ಭಾಗ್ಯ ಮಾತ್ರ ಅಲ್ಲಿನದಕ್ಕೆ ಹೆಚ್ಚು.

ಮಹಾತ್ಮಾ ಗಾಂಧಿ ರಸ್ತೆಯ ಕಡೆಯ ಅಂಚಿನಲ್ಲಿ 1906ರಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ನಿಂತಿತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ವರ್ಷ, ಉದ್ಯಾನಕ್ಕೆ ಅವರ ತಂದೆ ಚಾಮರಾಜೇಂದ್ರ ಒಡೆಯರ ಹೆಸರಿಡಲಾಯಿತು. ದಂಡು ಇನ್ನೂ ಬ್ರಿಟಿಷರ ಕೈಯಲ್ಲೇ ಇದ್ದ ಕಾಲವದು; ಎರಡು ಪುರಸಭೆಗಳು ಒಂದಾದದ್ದು 1949ರಲ್ಲಿ.

ನನ್ನ ಅಭಿಪ್ರಾಯದಲ್ಲಿ ಈ ಗಡಿಯನ್ನು ಅಳಿಸಿದ್ದು ಹೂವಿನ ಪಾತಿಗಳಿಗಿಂತ ಹೆಚ್ಚಾಗಿ ಸುತ್ತಲಿನ ಸಾರ್ವಜನಿಕ ಕಟ್ಟಡಗಳು. 1868ರ ಅಠಾರಾ ಕಚೇರಿಯಲ್ಲಿ ಮೊದಲು ಸರ್ಕಾರದ ಹದಿನೆಂಟು ಇಲಾಖೆಗಳಿದ್ದವು. ಈಗ ಅಲ್ಲಿ ಹೈಕೋರ್ಟಿದೆ. ಊರಿನಿಂದ ರಾತ್ರಿ ಬಸ್ಸಿನಲ್ಲಿ ಹೋಗಿ, ತಮ್ಮ ಕೇಸು ಮುಂದಕ್ಕೆ ಹೋಯಿತೆಂದು ತಿಳಿದ ಕಕ್ಷಿದಾರರು, ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ಬಿದಿರು ಮೆಳೆಯ ನೆರಳಿನಲ್ಲಿ ಬುತ್ತಿ ಬಿಚ್ಚುವುದುಂಟು. ಪಕ್ಕದಲ್ಲೇ ದಿವಾನ್ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ; 1915ರ ಆ ಕಡುಗೆಂಪು ಕಟ್ಟಡದಲ್ಲಿ ಈಗ ಕೇಂದ್ರ ಗ್ರಂಥಾಲಯವಿರುವುದರಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಎಲ್ಲ ಜಿಲ್ಲೆಗಳಿಂದಲೂ ಬಂದು ಸೇರುತ್ತಾರೆ. ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯವೂ ಇದೇ ಬಗೆಯದು.

ಹಾಗೆಂದು ಉದ್ಯಾನದಲ್ಲಿ ಯಾವ ಕಟ್ಟಡವಾದರೂ ಸಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಇದೇ ಆವರಣದಲ್ಲಿ ಸದಸ್ಯರಿಗೆ ಮಾತ್ರ ಬಾಗಿಲು ತೆರೆಯುವ ಕ್ಲಬ್ಬುಗಳೂ ಇವೆ. ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆಂದು 1975ರಲ್ಲಿ ಕಾನೂನು ಬಂದಿದ್ದರೂ, 1998ರಲ್ಲಿ ಇಲ್ಲಿನ ಒಂದಷ್ಟು ನೆಲವನ್ನು ಅದರ ರಕ್ಷಣೆಯಿಂದ ಹೊರಗಿಡಲು ಸರ್ಕಾರ ಹೊರಟಾಗ ನಾಗರಿಕರು ಬೀದಿಗಿಳಿಯಬೇಕಾಯಿತು. ಇನ್ನು ಮುಂದೆಯೂ ಅಲ್ಲಿ ಹೊಸ ಕಟ್ಟಡದ ಮಾತು ಬಂದಾಗ, ಅದರ ಎತ್ತರ ಮತ್ತು ಅಂದಚಂದದ ಚರ್ಚೆಗೆ ಮೊದಲು, ಊರಿನಿಂದ ಬಂದ ಆ ಕಕ್ಷಿದಾರನಿಗೆ ಒಳಗೆ ಪ್ರವೇಶವಿದೆಯೇ ಎಂಬುದನ್ನು ಕೇಳಬೇಕು.