ಹುಲಿಯ ಹಟ ಬಿಟ್ಟು ಕಾಡಿಗೆ ಹೊರಡಿ

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆ ಹತ್ತಿರ ಬಂತು. ಕಬಿನಿಗೆ ಹೋಗೋಣವಾ, ಬಂಡೀಪುರಕ್ಕೆ ಹೋಗೋಣವಾ ಅಂತ ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಾತು ಶುರುವಾಗಿರುತ್ತದೆ. ಖಂಡಿತ ಹೋಗಿ. ಕಾಡನ್ನೇ ನೋಡದವರು ಕಾಡಿನ ಪರವಾಗಿ ದನಿ ಎತ್ತುವುದು ಕಷ್ಟ. ಆದರೆ ರೂಮ್ ಬುಕ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಹುಲಿ ನೋಡಲೇಬೇಕು ಅನ್ನುವ ಹಟ ಬಿಡಿ.

ಸಫಾರಿಯಲ್ಲಿ ಆಗುವ ತಪ್ಪುಗಳಲ್ಲಿ ಬಹಳಷ್ಟು ಆ ಹಟದಿಂದಲೇ ಹುಟ್ಟುತ್ತವೆ. ಜೀಪ್ ಹತ್ತಿದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, "ಅಣ್ಣ, ಹುಲಿ ಸಿಗುತ್ತಾ?" ಚಾಲಕನಿಗೆ ಅಷ್ಟು ಸಾಕು. ಹುಲಿ ತೋರಿಸಿದರೆ ಟಿಪ್ಸ್, ಇಲ್ಲದಿದ್ದರೆ ಸಪ್ಪೆ ಮುಖ ಅಂತ ಅರ್ಥವಾಗಿಬಿಡುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ಹುಲಿ ಕಂಡಿತು ಅಂತ ಗೊತ್ತಾದರೆ ಗಾಡಿಗಳೆಲ್ಲ ಅಲ್ಲಿಗೇ ಓಡುತ್ತವೆ, ದೂಳೆಬ್ಬಿಸಿಕೊಂಡು ಹೋಗಿ ಹಿಂದೆ ಮುಂದೆ ಅಡ್ಡ ನಿಂತು, ಆ ಪ್ರಾಣಿ ರಸ್ತೆ ದಾಟಿ ನೀರಿಗೆ ಹೋಗಬೇಕಿದ್ದ ದಾರಿಯನ್ನೇ ಮುಚ್ಚಿಬಿಡುತ್ತವೆ. ಜೊತೆಗೆ ಮರಿಗಳಿದ್ದರೆ ಅದಕ್ಕೆ ಇನ್ನೂ ಕಷ್ಟ. ಚಾಲಕನನ್ನು ಬೈಯುವುದು ಸುಲಭ, ಆದರೆ ಅವನನ್ನು ಓಡಿಸಿದ್ದು ಹಿಂದೆ ಕೂತ ನಾವೇ ಅಲ್ವಾ?

ಅದರ ಬದಲು ಹತ್ತುವಾಗಲೇ ಹೀಗೆ ಹೇಳಿ: "ಹುಲಿ ಸಿಗದಿದ್ದರೂ ಪರವಾಗಿಲ್ಲ ಅಣ್ಣ, ನಿಧಾನಕ್ಕೆ ಹೋಗೋಣ." ಗಾಡಿಯ ವೇಗ ಇಳಿದರೆ ಕಾಡು ಕಾಣಲು ಶುರುವಾಗುತ್ತದೆ. ಕೆಂಜಳಿಲು, ಕಾಟಿ ಅಂದರೆ ಕಾಡುಕೋಣ, ಅದೃಷ್ಟವಿದ್ದರೆ ಸೀಳುನಾಯಿಗಳ ಗುಂಪು. ಇಂಜಿನ್ ಆರಿಸಿ ಸುಮ್ನೆ ಕೂತರೆ ಕಿವಿಗೂ ಕೆಲಸ ಸಿಗುತ್ತದೆ. ಕಪ್ಪು ಮುಖದ ಕೋತಿ ಮುಸುವ ಮರದ ತುದಿಯಿಂದ ಕೂಗುತ್ತದೆ, ಕೆಳಗೆ ಜಿಂಕೆ ಎಚ್ಚರಿಸುತ್ತದೆ, ಅದರ ಮೇಲೆ ಕಡವೆಯೂ ಕೂಗಿತು ಅಂದರೆ ಹತ್ತಿರದಲ್ಲೇ ಹುಲಿಯೋ ಚಿರತೆಯೋ ಇದೆ ಅಂತ ಹೆಚ್ಚುಕಡಿಮೆ ನಂಬಬಹುದು. ಅದು ಹೊರಗೆ ಬರಲಿ ಬಿಡಲಿ, ಆ ಹೊತ್ತಿನಲ್ಲಿ ಕಾಡು ಏನು ಮಾತಾಡಿಕೊಳ್ಳುತ್ತಿದೆ ಅಂತ ನಿಮಗೆ ಗೊತ್ತಾಯಿತಲ್ಲ, ನನಗೆ ಅದು ಫೋಟೋಗಿಂತ ದೊಡ್ಡದು.

ಆನೆ ನೋಡುವ ಆಸೆಯಿದ್ದರೆ ಬೇಸಿಗೆಯೇ ಸರಿಯಾದ ಕಾಲ. 1974ರಲ್ಲಿ ಕಬಿನಿ ಅಣೆಕಟ್ಟು ಆದ ಮೇಲೆ ಹುಟ್ಟಿದ ಹಿನ್ನೀರು ಮಾರ್ಚ್‌ನಿಂದ ಮೇ ಹೊತ್ತಿಗೆ ಹಿಂದೆ ಸರಿಯುತ್ತದೆ. ತೆರೆದ ನೆಲದಲ್ಲಿ ಹಸಿರು ಹುಲ್ಲು ಬರುತ್ತದೆ. ಉಳಿದ ಕಾಡು ಒಣಗಿರುವಾಗ ಬಂಡೀಪುರ, ನಾಗರಹೊಳೆ, ವಯನಾಡ್ ಕಡೆಯ ಆನೆಗಳು ಹುಲ್ಲು, ನೀರಿಗಾಗಿ ಇಲ್ಲಿಗೆ ಬರುತ್ತವೆ. ಒಂದು ಮಾತು ನೆನಪಿರಲಿ. ಅವು ಬರುವುದು ಹೊಟ್ಟೆಪಾಡಿಗೆ, ಬೇರೆ ಕಡೆ ಸಿಗದಿದ್ದಾಗ. ಆನೆ ಮೇಯುವುದನ್ನು ನಿಲ್ಲಿಸಿ, ಕಿವಿ ಅಗಲಿಸಿ ನಿಮ್ಮ ಕಡೆ ತಿರುಗಿ ನಿಂತಿತು ಅಂದರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ. ಅಲ್ಲಿಂದ ಹೊರಡಿ. ಇನ್ನೊಂದು ಫೋಟೋಗೆ ಕಾಯಬೇಡಿ.

ಉಳಿಯುವ ಜಾಗದ ಬಗ್ಗೆಯೂ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿ. ರಾತ್ರಿ ಡಿಜೆ ಹಾಕುತ್ತೀರಾ? ದೊಡ್ಡ ಲೈಟುಗಳು ಕಾಡಿನ ಕಡೆಗೆ ಇವೆಯಾ? ಕಸ ಎಲ್ಲಿಗೆ ಹೋಗುತ್ತದೆ? ಆನೆ ಓಡಾಡುವ ದಾರಿಗೆ ಬೇಲಿ ಹಾಕಿದ್ದೀರಾ? ಸುತ್ತಲಿನ ಹಾಡಿಗಳ (ಆದಿವಾಸಿ ಊರುಗಳ) ಜೇನುಕುರುಬರು, ಬೆಟ್ಟಕುರುಬರಿಗೆ ಅಲ್ಲಿ ಕೆಲಸ ಇದೆಯಾ, ಇದ್ದರೆ ಬರೀ ಗುಡಿಸುವ ಕೆಲಸವಾ? ಉತ್ತರ ಕೊಡಲು ಯಾರು ತಡವರಿಸುತ್ತಾರೋ ಅವರ ಹತ್ತಿರ ಹೋಗಬೇಡಿ.

ದಾರಿಯ ಲೆಕ್ಕವೂ ಮುಖ್ಯ. ಬಂಡೀಪುರದೊಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರದ ನಿಷೇಧ 2009ರಿಂದ ಇದೆ. ಗೇಟ್ ಮುಚ್ಚುವ ಮುಂಚೆ ದಾಟಬೇಕು ಅಂತ ಕೊನೇ ಗಳಿಗೆಯಲ್ಲಿ ಜೋರಾಗಿ ಓಡಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ಮೈಸೂರಿನಿಂದಲೇ ಬೇಗ ಹೊರಡಿ. ಆ ರಸ್ತೆಯಲ್ಲಿ ಇಳಿದು ಕೋತಿಗೆ, ಜಿಂಕೆಗೆ ಚಿಪ್ಸ್ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆ ತಿಂದು ರೂಢಿಯಾದ ಪ್ರಾಣಿ ಆಮೇಲೆ ರಸ್ತೆಯನ್ನು ಬಿಡುವುದಿಲ್ಲ, ಒಂದಲ್ಲ ಒಂದು ದಿನ ಗಾಡಿಗೆ ಸಿಕ್ಕಿ ಸಾಯುತ್ತದೆ.

ಸಫಾರಿ ಇದೆಯೋ ಇಲ್ಲವೋ ಅಂತ ಹೊರಡುವ ಮುಂಚೆ ವಿಚಾರಿಸಿ. 2025ರ ನವೆಂಬರ್‌ನಲ್ಲಿ, ಹುಲಿ ದಾಳಿಯಲ್ಲಿ ಹಳ್ಳಿಯ ಜನ ಸತ್ತ ಮೇಲೆ, ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿಯನ್ನೇ ನಿಲ್ಲಿಸಿದ್ದರು. ಅಂಥ ಹೊತ್ತಿನಲ್ಲಿ ದುಡ್ಡು ಹೋಯಿತು ಅಂತ ಜಗಳಕ್ಕೆ ನಿಲ್ಲಬೇಡಿ. ಸತ್ತವರ ಮನೆಗಳು ಅಲ್ಲೇ, ಕಾಡಿನ ಅಂಚಿನಲ್ಲೇ ಇವೆ.

ಹುಲಿಕಾಡೇ ಆಗಬೇಕು ಅಂತಲೂ ಇಲ್ಲ. ಚಿಕ್ಕ ಮಕ್ಕಳಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿ. ಹೆಜ್ಜಾರ್ಲೆಗಳು (ಪೆಲಿಕನ್‌ಗಳು), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಅಂತ ನಂಬಿದ ಜನ ಅವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ, ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಅಲ್ಲಿ ಡ್ರೋನ್ ಹಾರಿಸಬೇಡಿ, ಗೂಡಿನ ಕೆಳಗೆ ಕೂಗಾಡಬೇಡಿ. ಮರಿ ಕೆಳಗೆ ಬಿದ್ದಿದ್ದರೆ ಎತ್ತಿಕೊಂಡು ಸೆಲ್ಫಿ ತೆಗೆಯದೆ ಊರಿನವರಿಗೆ ಹೇಳಿ. ಬಿದ್ದ ಮರಿಗಳನ್ನು ಸಾಕಿ ಬಿಟ್ಟ ಅನುಭವ ಅವರಿಗಿದೆ.

ಇನ್ನು ವಾಪಸ್ ಬಂದ ಮೇಲೆ. ಹುಲಿ, ಚಿರತೆ ಕಂಡ ಜಾಗವನ್ನು ವಾಟ್ಸಾಪ್‌ನಲ್ಲಿ ಹಾಕಬೇಡಿ. ನಿಮ್ಮ ಕಣ್ಣೆದುರೇ ಯಾವುದಾದರೂ ಗಾಡಿ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗಿದ್ದರೆ ಗಾಡಿ ನಂಬರ್, ಸಮಯ, ಜಾಗ ಬರೆದು ವಲಯ ಅರಣ್ಯಾಧಿಕಾರಿಗೆ ಕೊಡಿ. ನಿಧಾನಕ್ಕೆ ಓಡಿಸಿ, ದೂರ ನಿಲ್ಲಿಸಿ, ಸಮಾಧಾನವಾಗಿ ಕಾಡು ತೋರಿಸಿದ ಚಾಲಕನ ಹೆಸರನ್ನೂ ಅದೇ ಪತ್ರದಲ್ಲಿ ಬರೆಯಿರಿ, ಹುಲಿ ಕಾಣದಿದ್ದರೂ ಅವನ ಟಿಪ್ಸ್ ಕೊಟ್ಟೇ ಬನ್ನಿ.