ಒಣ ಯೀಸ್ಟಿಗೆ ಆಕ್ಸಿಜನ್ ಸಿಲಿಂಡರ್ ಯಾಕ್ರೀ?

ಬಿಯರ್ ಮಾಡುವಾಗ ಯೀಸ್ಟ್ ಹಾಕುವ ಹೊತ್ತಿಗೆ ವರ್ಟಿಗೆ (ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿ ರಸಕ್ಕೆ) ಆಕ್ಸಿಜನ್ ಊದುವ ರೂಢಿ ಇದೆ. ಆದರೆ ಒಣ ಯೀಸ್ಟ್ ಪ್ಯಾಕೆಟ್ ಕತ್ತರಿಸಿ ಸುರಿದು ಬಿಯರ್ ಮಾಡುವವರು ಆಕ್ಸಿಜನ್ ಸಿಲಿಂಡರ್ ಕೊಳ್ಳುವುದು ದುಡ್ಡು ದಂಡ. ಯಾಕೆ ಅಂತ ಹೇಳ್ತೀನಿ, ಆಮೇಲೆ ಬೇಕಾದರೆ ಬೈಯಿರಿ.

ಶುರು ಮಾಡೋಕೆ ಮುಂಚೆ ಒಂದು ವಿಷಯ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ಇದು ಅಮೆರಿಕದಂಥ ಕಡೆ ಇರುವ ನಮ್ಮವರಿಗೆ. ಅಲ್ಲಿ 1978ರಲ್ಲೇ ಫೆಡರಲ್ ಕಾನೂನು ಇದಕ್ಕೆ ದಾರಿ ಬಿಟ್ಟಿತು. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನ ಇದ್ದರೆ 200.

ಸರಿ, ಯೀಸ್ಟಿಗೆ ಆಕ್ಸಿಜನ್ ಯಾಕೆ ಬೇಕು? ಉಸಿರಾಡೋಕೆ ಅಂತ ಹೇಳುವವರೇ ಜಾಸ್ತಿ. ತಪ್ಪು. ವರ್ಟಿನಲ್ಲಿ ಸಕ್ಕರೆ ಅಷ್ಟೊಂದು ಇರುವಾಗ ಬಿಯರ್ ಯೀಸ್ಟ್ ಉಸಿರಾಟದ ಗೋಜಿಗೆ ಹೋಗುವುದೇ ಅಪರೂಪ, ನೇರವಾಗಿ ಹುದುಗೆಬ್ಬಿಸುತ್ತದೆ. ಆಕ್ಸಿಜನ್ ಬೇಕಾಗುವುದು ಜೀವಕೋಶದ ಪೊರೆಗೆ. ಎರ್ಗೋಸ್ಟೆರಾಲ್ ಎಂಬ ಸ್ಟೆರಾಲ್ (ಕೊಬ್ಬಿನಂಥ ವಸ್ತು) ಮತ್ತು ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ತಯಾರಿಸಲು ಅದಿಲ್ಲದೆ ಆಗುವುದಿಲ್ಲ. ಒಂದು ಕೋಶ ಎರಡಾದಾಗ ಇದ್ದ ಸ್ಟೆರಾಲ್ ಇಬ್ಬರಿಗೂ ಹಂಚಿಕೆ. ಮೂರ್ನಾಲ್ಕು ಸಲ ಹಂಚುವಷ್ಟರಲ್ಲಿ ಪೊರೆ ಬಡವಾಗುತ್ತದೆ, ಆಲ್ಕೋಹಾಲ್ ಏರಿದಂತೆ ತಡೆಯಲಾರದೆ ಯೀಸ್ಟ್ ಅರ್ಧಕ್ಕೇ ಕೈಚೆಲ್ಲುತ್ತದೆ. ಹೈಡ್ರೋಮೀಟರ್ ನೀರನ್ನು 1.000 ಎಂದಿಟ್ಟು ದ್ರವದ ಸಾಂದ್ರತೆ ಅಳೆಯುತ್ತದೆ, ಸಕ್ಕರೆ ಖರ್ಚಾದಂತೆ ಅಂಕಿ ಇಳಿಯುತ್ತದೆ. 1.012ಕ್ಕೆ ಇಳಿಯಬೇಕಾದ ಹೈಡ್ರೋಮೀಟರ್ 1.022ರಲ್ಲಿ ನಿಂತುಬಿಡುವುದಕ್ಕೆ ಇದೂ ಒಂದು ಕಾರಣ.

ಒಣ ಯೀಸ್ಟನ್ನು ಕಾರ್ಖಾನೆಯಲ್ಲಿ ಬೆಳೆಸುವಾಗಲೇ ಸಕ್ಕರೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಗಾಳಿ ಯಥೇಚ್ಛ ಊದಿರುತ್ತಾರೆ. ಅದು ಸ್ಟೆರಾಲಿನ ಬುತ್ತಿ ಕಟ್ಟಿಕೊಂಡೇ ನಿಮ್ಮ ಫರ್ಮೆಂಟರಿಗೆ (ಹುದುಗುವ ಪಾತ್ರೆಗೆ) ಬರುತ್ತದೆ. ತಯಾರಿಸುವ ಕಂಪನಿಗಳೇ ಮೊದಲ ಸಲಕ್ಕೆ ಗಾಳಿ ತುಂಬಿಸಬೇಕಿಲ್ಲ ಅನ್ನುತ್ತವೆ. 1.048ರ 20 ಲೀಟರಿಗೆ 11.5 ಗ್ರಾಂ ಪ್ಯಾಕೆಟ್ ಒಂದು ಸಾಕು. ಸಿಲಿಂಡರ್ ದುಡ್ಡನ್ನು ತಾಪಮಾನ ಕಂಟ್ರೋಲರಿಗೆ ಹಾಕಿ, ಬಿಯರ್ ಅದರಿಂದ ಎಷ್ಟೋ ಸುಧಾರಿಸುತ್ತದೆ. ಆದರೆ ತಳದಲ್ಲಿ ಉಳಿದ ಅದೇ ಗಸಿಯನ್ನು ಮುಂದಿನ ಬ್ಯಾಚಿಗೆ ಬಳಸುತ್ತೀರಾ? ಬುತ್ತಿ ಖಾಲಿಯಾಗಿರುತ್ತದೆ, ಆಗ ಗಾಳಿ ಬೇಕೇ ಬೇಕು.

ದ್ರವ ಯೀಸ್ಟಿನ ಕಥೆ ಬೇರೆ. ಇಲ್ಲಿ ಗಾಳಿಗಿಂತ ಮೊದಲು ಲೆಕ್ಕ ನೋಡಿ. ಬಿಯರಿನಲ್ಲಿ ಮುಖ್ಯವಾಗಿ ಎರಡು ಬಗೆ: ಸ್ವಲ್ಪ ಬೆಚ್ಚಗೆ ಹುದುಗುವುದು ಏಲ್, ತಣ್ಣಗೆ ಹುದುಗುವುದು ಲಾಗರ್. ಏಲ್‌ಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಪ್ಲೇಟೋ ಡಿಗ್ರಿಗೆ (ವರ್ಟಿನ ತೂಕದಲ್ಲಿ ಕರಗಿದ ಸಕ್ಕರೆಯ ಶೇಕಡ; 12 ಪ್ಲೇಟೋ ಅಂದರೆ ಸುಮಾರು 1.048) ಏಳೂವರೆ ಲಕ್ಷ ಕೋಶ. 20 ಲೀಟರ್, 12 ಪ್ಲೇಟೋ ಅಂದರೆ 18,000 ಕೋಟಿ. ಪ್ಯಾಕಿನಲ್ಲಿರುವುದು ಸಾಮಾನ್ಯವಾಗಿ 10,000 ಕೋಟಿ, ಅದೂ ತಾಜಾ ಇದ್ದಾಗ. ಹೀಗಾಗಿ ಸ್ಟಾರ್ಟರ್, ಅಂದರೆ ಯೀಸ್ಟ್ ಕೋಶ ಹೆಚ್ಚಿಸಿಕೊಳ್ಳುವ ಪುಟ್ಟ ಬ್ಯಾಚ್, ಮಾಡಲೇಬೇಕು: ಲೀಟರಿಗೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್, ಒಂದೂವರೆ ಲೀಟರ್, ಸ್ಟಿರ್ ಪ್ಲೇಟ್ (ಆಯಸ್ಕಾಂತದಿಂದ ಕಲಕುವ ಯಂತ್ರ) ಮೇಲೆ ಒಂದು ದಿನ. ಲಾಗರ್ ಆದರೆ ಕೋಶಗಳ ಲೆಕ್ಕವೇ ಇದರ ಎರಡು ಪಟ್ಟು. ಕೋಶ ಕಡಿಮೆ ಹಾಕಿ ಆಕ್ಸಿಜನ್ ಜಾಸ್ತಿ ಊದಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಅತಿಯಾದರೆ ತಲೆಗೆ ಹೊಡೆಯುವ ಫ್ಯೂಸೆಲ್ ಆಲ್ಕೋಹಾಲ್ ಬೋನಸ್.

ಈಗ ಗಾಳಿ. ಒಂದು ಗಂಟೆ ಕುದಿಸಿದ ವರ್ಟಿನಲ್ಲಿ ಕರಗಿದ ಆಕ್ಸಿಜನ್ ಉಳಿದಿರುವುದಿಲ್ಲ. ಬಿಸಿ ಇದ್ದಾಗ ಊದಬೇಡಿ. ಬಿಸಿ ದ್ರವದಲ್ಲಿ ಅದು ಕರಗುವುದೂ ಕಡಿಮೆ, ವರ್ಟ್ ಕೆಡುವುದೂ ಜಾಸ್ತಿ. ಪಿಚ್ ಮಾಡುವ (ಯೀಸ್ಟ್ ಹಾಕುವ) ತಾಪಮಾನಕ್ಕೆ, ಏಲ್‌ಗೆ 18 ಡಿಗ್ರಿ ಆಸುಪಾಸು, ಇಳಿಸಿದ ಮೇಲೆಯೇ. ಗಾಳಿಯಲ್ಲಿ ಆಕ್ಸಿಜನ್ ಇರುವುದೇ ಶೇಕಡ 21, ಆದ್ದರಿಂದ ಎಷ್ಟೇ ಕುಲುಕಿದರೂ 8 ಪಿಪಿಎಂ (ಹತ್ತು ಲಕ್ಷಕ್ಕೆ 8 ಪಾಲು) ಸುತ್ತಮುತ್ತ ಮಿತಿ. ಕೈಸೋತು ಬೇಗ ನಿಲ್ಲಿಸುವವರಿಗೆ ಅಷ್ಟೂ ಸಿಗುವುದಿಲ್ಲ. ತುಂಬಿದ ಗಾಜಿನ ಕಾರ್ಬಾಯ್ (ದೊಡ್ಡ ಸೀಸೆ) ಮಾತ್ರ ಕುಲುಕಬೇಡಿ, ಒಡೆದರೆ ಆಸ್ಪತ್ರೆಯೇ ಗತಿ. ಸ್ಯಾನಿಟೈಸ್ ಮಾಡಿದ ಎರಡು ಬಕೆಟ್ ನಡುವೆ ಎತ್ತರದಿಂದ ಐದಾರು ಸಲ ಹುಯ್ಯುವುದು ವಾಸಿ. 1.060ರೊಳಗಿನ ಏಲ್, ಯೀಸ್ಟ್ ಸಾಕಷ್ಟು ಇದ್ದರೆ, ಇದರಲ್ಲೇ ಆಗುತ್ತದೆ.

ಅದಕ್ಕೂ ಮೇಲಿನ ಬಿಯರ್, ಲಾಗರ್, ಇವಕ್ಕೆ ಸಿಲಿಂಡರ್ ಸಾರ್ಥಕ. 0.5 ಮೈಕ್ರಾನ್ ರಂಧ್ರಗಳ ಕಲ್ಲು (ಕೊಳವೆಯ ತುದಿಗೆ ಸಿಕ್ಕಿಸಿ ಆಕ್ಸಿಜನನ್ನು ಸಣ್ಣ ಗುಳ್ಳೆಯಾಗಿಸುವ ತುಣುಕು), ನಿಮಿಷಕ್ಕೆ 1 ಲೀಟರ್, ಒಂದು ನಿಮಿಷ. 8ರಿಂದ 10 ಪಿಪಿಎಂ ಸಿಗುತ್ತದೆ. ಮೇಲೆ ದಪ್ಪ ಗುಳ್ಳೆ ಒಡೆಯುತ್ತಿದ್ದರೆ ಗ್ಯಾಸ್ ಕರಗದೆ ಹಾರಿಹೋಗುತ್ತಿದೆ ಎಂದೇ ತಿಳಿಯಿರಿ, ವಾಲ್ವ್ ತಿರುಗಿಸಿ ಕಡಿಮೆ ಮಾಡಿ. ಕಲ್ಲನ್ನು ಬೆರಳಿನಿಂದ ಮುಟ್ಟಬೇಡಿ, ಚರ್ಮದ ಜಿಡ್ಡು ರಂಧ್ರ ಮುಚ್ಚುತ್ತದೆ. ಕೆಲಸಕ್ಕೆ ಮುಂಚೆ, ಮುಗಿದ ಮೇಲೆ, ಎರಡೂ ಸಲ ಹತ್ತು ನಿಮಿಷ ಕುದಿಸಿ. ಹತ್ತಿರ ಬೆಂಕಿಯೂ ಬೇಡ, ರೆಗ್ಯುಲೇಟರಿಗೆ ಎಣ್ಣೆಯೂ ಬೇಡ. 1.080 ದಾಟಿದರೆ ಯೀಸ್ಟ್ ಹಾಕಿದ 12ರಿಂದ 18 ಗಂಟೆಯೊಳಗೆ ಇನ್ನೊಂದು ಸಲ ಊದಬಹುದು.

ಅಲ್ಲಿಗೆ ಮುಗಿಯಿತು. ಆಮೇಲೆ ಒಳಹೊಕ್ಕ ಆಕ್ಸಿಜನ್ ಬಿಯರಿಗೆ ಒದ್ದೆ ರಟ್ಟಿನ ರುಚಿ ಕೊಡುತ್ತದೆ. ಹಾಪ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಜಾಸ್ತಿ ಹಾಕಿದ ಮಬ್ಬು ಐಪಿಎ (ಒಂದು ಬಗೆಯ ಏಲ್) ಆದರೆ ಕೆಲವೇ ದಿನದಲ್ಲಿ ಕಂದು ಬಣ್ಣ. ಆದ್ದರಿಂದ 1.022ರಲ್ಲಿ ನಿಂತ ಬಿಯರಿಗೆ ಕಲ್ಲು ಇಳಿಬಿಡಲು ಹೋಗಬೇಡಿ. ತಾಪಮಾನ 20–21 ಡಿಗ್ರಿಗೆ ಏರಿಸಿ, ಮುಚ್ಚಳ ತೆಗೆಯದೆ ಫರ್ಮೆಂಟರನ್ನು ಮೆಲ್ಲಗೆ ತಿರುಗಿಸಿ ತಳದ ಯೀಸ್ಟ್ ಎಬ್ಬಿಸಿ. ಮೂರು ದಿನ ಕಾದರೂ ಹೈಡ್ರೋಮೀಟರ್ ಜಗ್ಗದಿದ್ದರೆ, ಬೇರೆ ಪಾತ್ರೆಯಲ್ಲಿ ಹೊಸ ಸ್ಟಾರ್ಟರ್ ಮಾಡಿ, ಅದು ನೊರೆಯುಕ್ಕಿ ಜೋರಾಗಿರುವಾಗಲೇ ತಂದು ಸುರಿಯಿರಿ.